ಪಕ್ಕದ ಮನೆಯಾಕೆಯ ಗಂಡನ ಕಲ್ಲು

ಪಕ್ಕದ ಮನೆಯಾಕೆಯ ಮನಸ್ಸು ನೋಯಿಸಿದ್ದು ನಾನೇ. ಭಾಷೆ ಬರದೆ ಹಾಗಾಯಿತು ಎಂದು ಮಗಳು ಇವತ್ತಿಗೂ ನನ್ನ ಪರ ವಹಿಸುತ್ತಾಳೆ. ಹಾಗೇನಿಲ್ಲ, ತಪ್ಪು ನನ್ನದು.

ಎಂಬತ್ತರ ದಶಕದ ಮೊದಲಲ್ಲಿ ನಾನು ಅಡಿಲೇಡ್‌ನಲ್ಲಿ ಡಾಕ್ಟರ್ ಮಗಳ ಮನೆಯಲ್ಲಿದ್ದೆ. ಮಗಳು ಆಸ್ಪತ್ರೆಗೆ, ಮೊಮ್ಮಗಳು ಶಾಲೆಗೆ ಹೊರಟರೆ ಸಂಜೆಯವರೆಗೆ ನನಗೆ ಜೊತೆ ಎಂದರೆ ಪಕ್ಕದ ಮನೆಯ ಬಿಳಿ ಮುದುಕಿ ಒಬ್ಬಳೇ. ನನ್ನ ಹಾಗೇ ಗಂಡ ಸತ್ತವಳು. ಬೇಲಿಯಾಚೆಯಿಂದ ನಿಂಬೆಹಣ್ಣು ಕೊಡುವಳು, ನಾನು ಉಪ್ಪಿನಕಾಯಿ ಹಾಕಿ ವಾಪಸು ಕೊಡುವೆ. ಮಾತೆಲ್ಲ ಕೈಸನ್ನೆಯಲ್ಲಿ. ಅಂಥ ಗೆಳತಿ ನನಗೆ ಮೈಸೂರಿನಲ್ಲೂ ಇರಲಿಲ್ಲ.

ದಿನಾ ಬೆಳಿಗ್ಗೆ ಅವಳು ಹೂವು, ಫ್ಲಾಸ್ಕು ಹಿಡಿದು ಕಾರಿನಲ್ಲಿ ಹೊರಡುವಳು. ಒಂದು ದಿನ "ಕಮ್" ಎಂದಳು, ಹೋದೆ. ಆಗತಾನೆ ಕತ್ತರಿಸಿದ ಹುಲ್ಲು, ಗುಲಾಬಿ ಗಿಡ, ಸಾಲಾಗಿ ನೆಟ್ಟ ಒಂದೇ ಅಳತೆಯ ಬಿಳಿ ಕಲ್ಲುಗಳು. ಪಾರ್ಕು ಎಂದುಕೊಂಡೆ. ಆ ಹುಲ್ಲಿನ ವಾಸನೆ ಎಲ್ಲಿ ಬಂದರೂ ಈಗಲೂ ಅದೇ ಜಾಗ ಕಣ್ಣಿಗೆ ಕಟ್ಟುತ್ತದೆ. ಅವಳು ಒಂದು ಕಲ್ಲಿನ ಮುಂದೆ ಮಂಡಿಯೂರಿ, ಕರವಸ್ತ್ರದಿಂದ ಅದನ್ನು ಒರೆಸಿ, "ಮೈ ಹಸ್ಬೆಂಡ್. ಸೋಲ್ಜರ್" ಎಂದಾಗಲೇ ಅದು ಮಸಣ ಎಂದು ನನಗೆ ಗೊತ್ತಾದದ್ದು. ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಗಂಡನ ಚಿತೆಯನ್ನೂ ನೋಡದವಳು ನಾನು. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತು ಟೀ ಬಗ್ಗಿಸಿ ಕೊಟ್ಟಳು. ಮುಟ್ಟಲಿಲ್ಲ. ಮನೆಗೆ ಬಂದವಳೇ ಒಳಗೆ ಕಾಲಿಡದೆ, ಹಿತ್ತಿಲಿನ ಪೈಪು ಎತ್ತಿ ಸೀರೆ ಸಮೇತ ತಲೆಗೆ ನೀರು ಬಿಟ್ಟುಕೊಂಡೆ. ಅವಳು ಬೇಲಿಯಾಚೆ ನಿಂತು ನೋಡುತ್ತಿದ್ದಳು.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅಮ್ಮ, ಏನ್ ಮಾಡ್ಬಿಟ್ಟೆ? 'ನನ್ನ ಗಂಡನ್ನ ನೋಡ್ಬಂದು ನಿಮ್ಮಮ್ಮ ಮೈ ತೊಳ್ಕೊಂಡ್ರು, ಅವ್ನು ಅಷ್ಟು ಗಲೀಜಾ' ಅಂತ ಪಕ್ಕದ್ಮನೆ ಆಂಟಿ ಕೇಳ್ತಿದ್ದಾರೆ."

"ಮೈಲಿಗೆ ಕಣೇ. ಸ್ನಾನ ಮಾಡ್ಬೇಡ್ವಾ?"

"ನಾನು ದಿನಾ ಹೆಣ ಮುಟ್ಟಿ ಬರ್ತೀನಿ. ನನ್ನನ್ನೂ ಹಿತ್ತಿಲಲ್ಲಿ ನಿಲ್ಲಿಸಿ ಪೈಪ್ ಬಿಡ್ತೀಯಾ?"

ಮೊಮ್ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ಶಿ ವಾಸ್ ಕ್ರೈಯಿಂಗ್, ಅಜ್ಜಿ" ಎಂದಳು.

ಅವತ್ತು ಅನ್ನ ಸೇರಲಿಲ್ಲ. ನಮ್ಮವರ ಬೂದಿಯನ್ನು ಮೈದುನಂದಿರು ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಿಟ್ಟು ಬಂದಿದ್ದರು. ಹೋಗಿ ಕೂರಲು, ಒರೆಸಲು ನನಗೊಂದು ಕಲ್ಲಿಲ್ಲ. ಅವಳು ತನ್ನ ಕಲ್ಲಿನ ಪಕ್ಕ ನನಗೂ ಜಾಗ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿ, ಎರಡು ಲೋಟ ಹಿಡಿದು, ಅವಳು ಹೊರಗೆ ಬರುವ ಮೊದಲೇ ಹೋಗಿ ಅವಳ ಕಾರಿನ ಮುಂದಿನ ಸೀಟಿನಲ್ಲಿ ಕೂತೆ.