ಕುಂಕುಮ ಹಚ್ಚಿಸಿಕೊಂಡ ಮಷೀನು

ಔರಾದ ತಾಲೂಕಿನ ಸಂತಪುರದ ಮಹಾಮಾಯಾಳಿಗೆ ಬುದ್ಧಿ ಒಂದು ತೂಕವಾದರೆ ಬಾಯಿ ಎರಡು ತೂಕ. ಬೀದರಿನ ನೌಬಾದ ಹತ್ತಿರದ ಪುಟ್ಟ ಲ್ಯಾಬಿನಲ್ಲಿ ಎಂಆರ್‌ಎನ್‌ಎ ಔಷಧಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಎಂಆರ್‌ಎನ್‌ಎ ಎಂದರೆ ಇಂಥ ಪ್ರೋಟೀನು ಮಾಡು ಎಂದು ಜೀವಕೋಶಕ್ಕೆ ಕಳಿಸುವ ಉದ್ದನೆಯ ಚೀಟಿ. ಮಹಾ ನಾಜೂಕು. ಬರಿಗೈ ತಗಲಿದರೆ ಸಾಕು, ಬೆವರಿನ ಕಿಣ್ವ ಅದನ್ನು ಚಿಂದಿ ಮಾಡುತ್ತದೆ. ಚೀಟಿ ಇಡಿಯಾಗಿದ್ದರೆ ಪರೀಕ್ಷೆಯ ಮಷೀನಿನ ಪರದೆಯ ಮೇಲೆ ಒಂದೇ ಚೂಪು ಶಿಖರ. ಹರಿದಿದ್ದರೆ ಅಡ್ಡಾದಿಡ್ಡಿ ದಿಬ್ಬ.

ಆಯುಧಪೂಜೆಯ ದಿನ ಮ್ಯಾನೇಜರ್ ಅನೀಲಕುಮಾರ, ಭಾಲ್ಕಿಯವರು, ಆ ಮಷೀನಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ನಿಂಬೆಹಣ್ಣು ಇಟ್ಟರು.

"ಸರ್, ಜರ್ಮನಿ ಮಷೀನಿಗೂ ದೃಷ್ಟಿ ಆಗ್ತದೇನ್ರಿ?" ಬೌದ್ಧರ ಮನೆಯ ಮಹಾಮಾಯಾ ನಕ್ಕಳು.

ಮೂರನೆಯ ದಿನ ಪರೀಕ್ಷೆಗಿಟ್ಟ ಔಷಧವೆಲ್ಲ ಚಿಂದಿ.

"ಪೂಜಿಯಿಂದ ಏನೂ ಆಗಿಲ್ರಿ," ಎಂದರು ಅನೀಲಕುಮಾರ, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಹಾಮಾಯಾಳಿಗೆ ಒಳಗೊಳಗೇ ಹಬ್ಬ. ಆದರೆ ಈ ಫಲಿತಾಂಶವೇ ಉಳಿದರೆ ಇಡೀ ಬ್ಯಾಚು ಕಸದ ಪಾಲು. ಅವಳು ಎರಡು ವರ್ಷದಿಂದ ಕಾದಿದ್ದ ಕಾಯಂ ನೌಕರಿಯ ಆದೇಶವೂ ಸೋಮವಾರ ಬರುವುದಿತ್ತು.

ಇಡಿಯಾಗಿದೆ ಎಂದು ಮೊದಲೇ ಗೊತ್ತಿದ್ದ ಆರ್‌ಎನ್‌ಎ ಒಂದನ್ನು ಮಷೀನಿನಲ್ಲಿ ಓಡಿಸಿದಳು. ಅದೂ ಚಿಂದಿ. ಹಾಗಾದರೆ ತಪ್ಪು ಔಷಧದ್ದಲ್ಲ, ಲ್ಯಾಬಿನದು. ಆಮೇಲೆ, ಕಿಣ್ವ ಇದ್ದಲ್ಲಿ ಹೊಳೆಯುವ ದ್ರವ ಹಿಡಿದು ಒಂದೊಂದನ್ನೇ ಜಾಲಾಡಿದಳು. ಮಷೀನಿನ ಒಳಗು ಶುದ್ಧ. ನೀರು ಶುದ್ಧ. ಔಷಧದ ಹನಿ ಹೀರುವ ಪಿಪೆಟ್ಟಿನ ತುದಿಗಳ ಡಬ್ಬಿ ಮಾತ್ರ ಹೊಳೆಯಿತು.

ಪೂಜೆಯ ದಿನ, ಇದಕ್ಕೂ ಕುಂಕುಮ ಬಳಿದಾರು ಎಂದು ಆ ತೆರೆದ ಡಬ್ಬಿಯನ್ನು ಗಡಿಬಿಡಿಯಲ್ಲಿ ಬರಿಗೈಯಿಂದ ಎತ್ತಿಟ್ಟವಳು ಅವಳೇ. ಯಾರೂ ನೋಡಿರಲಿಲ್ಲ. ಲ್ಯಾಬಿಗೆ ಲ್ಯಾಬೇ ಕುಂಕುಮವನ್ನು ಬಯ್ಯುತ್ತಿತ್ತು. ಅನೀಲಕುಮಾರ ತಲೆ ತಗ್ಗಿಸಿ ಓಡಾಡುತ್ತಿದ್ದರು. ಸುಮ್ಮನಿದ್ದರೆ ಆದೇಶ ಕೈಗೆ ಬರುತ್ತದೆ. ಸುಮ್ಮನಿರುವ ಆಸೆ ಆಯಿತು, ಆಸೆಗೆ ನಾಚಿಕೆಯೂ ಆಯಿತು.

ವರದಿಯಲ್ಲಿ ಕಾರಣದ ಮುಂದೆ ತನ್ನ ಹೆಸರು ಬರೆದಳು. ಅನೀಲಕುಮಾರ ಎರಡು ಸಲ ಓದಿದರು.

"ಪೂಜಿಯಿಂದ ಅಂತ ಬರೀಬಹುದಿತ್ತಲ್ಲವ್ವಾ. ನಾನೂ ಒಪ್ಪಿಬಿಟ್ಟಿದ್ದೆ."

"ನೀವ್ ಒಪ್ಪಿದ್ರ ಆತೇನ್ರಿ ಸರ್? ಡಬ್ಬಿ ಒಪ್ಪಬೇಕಲ್ರಿ."

ಹೊಸ ತುದಿಗಳಿಂದ ಪರೀಕ್ಷಿಸಿದಾಗ ಔಷಧ ಪಾಸಾಯಿತು. ಅವಳ ಆದೇಶ ಆರು ತಿಂಗಳು ಮುಂದಕ್ಕೆ ಹೋಯಿತು. ಸಂಜೆ ಊರಿನಿಂದ ತಾಯಿ ಅಂಜನಾಬಾಯಿ ಫೋನು ಮಾಡಿದಳು.

"ಕಾಯಂ ಆತೇನವ್ವಾ?"

"ಇಲ್ಲ ಆಯಿ."

"ಯಾರ್ ಅಡ್ಡ ಬಂದ್ರು?"

ಎರಡು ತೂಕದ ಬಾಯಿಯವಳು ಈ ಸಲ ಒಂದೇ ಮಾತು ಹೇಳಿದಳು.

"ನಾನ ಬಂದೆ, ಆಯಿ."