ಗಾಡಿ ನಿಂತ ಮೇಲಿನ ಗಾಳಿ

ನಿನ್ನೆ ಸ್ಕೂಟರಿನ ಡಿಕ್ಕಿ ಒರೆಸುವಾಗ ಒಂದು ಕೆಂಪು ರಿಬ್ಬನ್ನು ಸಿಕ್ಕಿತು. ಬಣ್ಣ ಮಾಸಿದೆ, ಅಂಚು ಎಳೆಎಳೆಯಾಗಿದೆ. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ, ಅದರ ಹಿಂದೆ ಸಣ್ಣಗೆ ನಶ್ಯದ ಘಾಟು... ಪಕ್ಕದ ಮನೆಯ ಕಾಕಾ ನೆನಪಾದರು.

ಕಾಕಾ ನೌಕಾಪಡೆಯಲ್ಲಿದ್ದವರು. ನಿವೃತ್ತರಾಗಿ ರೋಣದಂಥ ಎರೆಹೊಲದ ಊರಿಗೆ ಬಂದು ಹಾಯಿದೋಣಿಯ ಕತೆ ಹೇಳಿದರೆ ಕೇಳುವವರಾದರೂ ಯಾರು? ನಾನೊಬ್ಬಳು ಕೇಳುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ ಆ ಕತೆಗಳೂ ನಿಂತವು. ಹೊಸ್ತಿಲು ದಾಟುವುದನ್ನೇ ಬಿಟ್ಟರು.

"ಹಿಂಗ ಮೂಲಿ ಹಿಡದ್ರ ಮನಷ್ಯಾ ಉಳಿತಾನೇನವ್ವಾ?" ಎಂದು ಕಾಕಿ ನನ್ನ ಮುಂದೆ ಅತ್ತರು. ನನಗೂ ಹೆದರಿಕೆಯಾಯಿತು.

ಒಂದು ಸಂಜೆ ಕಾಕಾನನ್ನು ಬಲವಂತದಿಂದ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜಕ್ಕಲಿ ರಸ್ತೆ ಹಿಡಿದೆ. ನನ್ನ ಜಡೆಯ ರಿಬ್ಬನ್ನು ಬಿಚ್ಚಿ ಅವರ ಬೆರಳಿಗೆ ಕಟ್ಟಿದ್ದೆ. ಹಾಯಿಗೆ ಇಂಥದೊಂದು ಎಳೆ ಕಟ್ಟಿ ಗಾಳಿ ನೋಡುತ್ತಿದ್ದುದನ್ನು ಅವರೇ ಹಿಂದೊಮ್ಮೆ ಹೇಳಿದ್ದರು.

"ಕಾಕಾ, ಇವತ್ತ ಎದುರು ಗಾಳಿ ಭಾಳ ಐತ್ರಿ" ಎಂದೆ.

"ಗಾಡಿ ನಿಂದರಸು" ಎಂದರು.

ನಿಲ್ಲಿಸಿದೆ. ಅಷ್ಟು ಹೊತ್ತು ಹಿಂದಕ್ಕೆ ಹಾರುತ್ತಿದ್ದ ರಿಬ್ಬನ್ನು ಮೆಲ್ಲಗೆ ಬಲಕ್ಕೆ ಹೊರಳಿತು. ಗಾಳಿ ಎಡಗಡೆಯ ಕಡಲೆ ಹೊಲದಿಂದ ಬರುತ್ತಿತ್ತು. ನಾವು ಕಣದಲ್ಲಿ ನಿಂತು ಜೋಳ ತೂರುವ ಮಂದಿ. ನಿಂತವರಿಗೆ ಬೀಸುವ ಗಾಳಿಯೊಂದೇ ನಮಗೆ ಗೊತ್ತು. ಓಡುವವರ ಮುಖಕ್ಕೆ ಬಡಿಯುವುದೂ ಅದೇ ಎಂದುಕೊಂಡಿದ್ದೆ.

"ಇದು ಖರೇ ಗಾಳಿ. ಮೊದಲಿನ ಗಾಳ್ಯಾಗ ನಮ್ಮ ಓಟನೂ ಕೂಡಿತ್ತವ್ವಾ. ಹಾಯಿ ಹೊಂದಸೂದು ಆ ಕೂಡಿದ ಗಾಳಿಗೆ. ಆದ್ರ ಖರೇದು ಎಲ್ಲಿಂದ ಬರತೈತಿ ಅನ್ನೂದು ಮರೀಬಾರದು."

ಎಷ್ಟೋ ತಿಂಗಳ ನಂತರ ಅವರು ಅಷ್ಟು ಮಾತಾಡಿದ್ದು.

ಮರುದಿನ ಹೊತ್ತು ಇಳಿಯುವ ಮೊದಲೇ ಚಪ್ಪಲಿ ಮೆಟ್ಟಿ ಕಟ್ಟೆಯ ಮೇಲೆ ಕೂತಿದ್ದರು. "ಲಗೂ ಬಾರವಾ, ದೋಣಿ ಬಿಡೂನು." ಒಳಗೆ ಕಾಕಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಆಮೇಲಿನ ಸಂಜೆಗಳೆಲ್ಲ ಈಗ ಕನಸಿನ ಹಾಗೆ... ಕುಸುಬೆ ಹೂವಿನ ಹೊಲ, ದೂರ ಗಜೇಂದ್ರಗಡದ ಗುಡ್ಡದ ಮೇಲೆ ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು, ಬೆನ್ನ ಹಿಂದೆ ಕಾಕಾನ ಗುನುಗು. ಅವರು ಸಮುದ್ರದಲ್ಲಿರುತ್ತಿದ್ದರು, ನಾನು ಎರೆಹೊಲದ ನಡುವೆ. ಒಮ್ಮೊಮ್ಮೆ ನನಗೂ ಸಮುದ್ರವೇ ಕಾಣುತ್ತಿತ್ತು. ಎಷ್ಟು ಸುಖಪಟ್ಟೆವೋ ಇಬ್ಬರೂ.

ಕಾಕಾ ಹೋಗಿ ವರ್ಷಗಳಾದವು. ಇವತ್ತು ರಿಬ್ಬನ್ನನ್ನು ಸ್ಕೂಟರಿನ ಕನ್ನಡಿಗೆ ಕಟ್ಟಿ ಅದೇ ರಸ್ತೆಗೆ ಹೋದೆ. ದಾರಿಯುದ್ದಕ್ಕೂ ಮುಖದ ತುಂಬ ಗಾಳಿ, ರಿಬ್ಬನ್ನು ಪಟಪಟ. ಹಿಂದೆ ಅವರು ಕೂತಂತೆಯೇ ಇತ್ತು. ಗಾಡಿ ನಿಲ್ಲಿಸಿದೆ.

ರಿಬ್ಬನ್ನು ನೆಟ್ಟಗೆ ಜೋತುಬಿತ್ತು. ಹೊಲದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಷ್ಟೂ ಗಾಳಿ ನನ್ನ ಓಟದ್ದೇ ಆಗಿತ್ತು. ಅಲ್ಲೇ ನಿಂತು ಸ್ವಲ್ಪ ಹೊತ್ತು ಅತ್ತೆ.

ಆಮೇಲೆ ಮತ್ತೆ ಗಾಡಿ ಚಾಲೂ ಮಾಡಿದೆ.