ಬಸ್ಸಿನಲ್ಲಿ ಕೊಟ್ಟ ಪ್ರಸಾದ

“ಮಾದಪ್ಪನ ಬೆಟ್ಟಕ್ಕೆ ಹೋಗಿದ್ರಾ ಅವ್ವಾ? ಮುಡಿ ಕೊಟ್ಟಿದ್ದೀರಿ. ಒಸಿ ಪ್ರಸಾದ ಕೊಡ್ರವ್ವ,” ಎಂದು ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ನನ್ನ ಹೆಂಡತಿಯನ್ನು ಕೇಳಿದರು. ಸೆರಗು ಜಾರಿ ಅವಳ ಬೋಳು ತಲೆ ಕಾಣುತ್ತಿತ್ತು. ನಾವು ಬರುತ್ತಿದ್ದುದು ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯಿಂದ. ಕೀಮೋ ಇನ್ನೂ ಬಾಕಿಯಿತ್ತು. ಆದರೆ “ಇದೇ ಕೊನೆ, ಇನ್ನು ನಾನು ಬರಾಕಿಲ್ಲ,” ಎಂದು ಬಸ್ ಹತ್ತುವಾಗಲೇ ಅವಳು ಹೇಳಿಬಿಟ್ಟಿದ್ದಳು.

ಯಾರಾದರೂ ತಪ್ಪು ತಿಳಿದುಕೊಂಡರೆ ಕೂಡಲೇ ತಿದ್ದುವುದು ನನ್ನ ಅಭ್ಯಾಸ. ಬಾಯಿ ತೆರೆದೆ. ಹೆಂಡತಿ ನನ್ನ ತೊಡೆ ಚಿವುಟಿದಳು. ಮಾತ್ರೆಯ ಜೊತೆ ತಿನ್ನಲೆಂದು ನಾನು ಚೀಲದಲ್ಲಿಟ್ಟಿದ್ದ ಬಿಸ್ಕತ್ತು ತೆಗೆದು ಅಜ್ಜಿಯ ಕೈಗಿಟ್ಟಳು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, “ಲಾಡು ತರ್ನಿಲ್ವಾ?” ಎಂದರು.

“ಖಾಲಿಯಾಗಿತ್ತು ಕಣವ್ವ. ಮುಂದಿನ ಸಲ ಹೋದಾಗ ತತ್ತೀನಿ ಬುಡಿ.”

ಮುಂದಿನ ಸಲ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ.

ಮುಂದಿನ ಕೀಮೋ ದಿನ ನಾನು ಏಳುವಷ್ಟರಲ್ಲಿ ಅವಳು ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದಾಗಿನಿಂದ ಹೊರಡಲು ನಾನು ತಡ ಮಾಡಿದ್ದು ಅದೇ ಮೊದಲು. ಅದನ್ನು ಅವಳು ಮಕ್ಕಳಿಗೆಲ್ಲ ಫೋನ್ ಮಾಡಿ ಹೇಳಿದಳು.